ಪಕ್ಕದ ಸೀಟಿನ ಕ್ಲಚ್ಚು

ಪಿಯು ಪರೀಕ್ಷೆ ಮುಗಿದು ರಜೆ ಶುರುವಾಗುತ್ತಿದ್ದ ಹಾಗೆ ಊರೂರಿನ ಡ್ರೈವಿಂಗ್ ಸ್ಕೂಲುಗಳ ಮುಂದೆ ಹೊಸ ಮುಖಗಳು ಕಾಣಿಸುತ್ತವೆ. ಹದಿನೆಂಟು ತುಂಬಿದ ಹುಡುಗ ಹುಡುಗಿಯರ ಜೊತೆಗೆ ನಲವತ್ತು ದಾಟಿದವರೂ ಇರುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡಲು, ವಯಸ್ಸಾದ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಪ್ರತಿ ಸಲವೂ ಇನ್ನೊಬ್ಬರಿಗಾಗಿ ಕಾದು ಸಾಕಾಗಿ ಬಂದವರು ಅವರು. ಬಂದವರೆಲ್ಲ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಎರಡೇ: ಫೀಸ್ ಎಷ್ಟು, ಡಿಎಲ್ ಎಷ್ಟು ದಿನಕ್ಕೆ ಕೈಗೆ ಬರುತ್ತದೆ. ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಕಲಿಯುವಾಗ ಕ್ಲಚ್ ಒತ್ತುವವರು ಯಾರು?

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವ ತರಬೇತುದಾರರ ಕಾಲ ಕೆಳಗೂ ಪೆಡಲುಗಳಿರುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇದು ಇರಲೇಬೇಕಾದ ವ್ಯವಸ್ಥೆ. ಕಲಿಯುವವರು ಗಾಬರಿಯಾದರೆ ಪಕ್ಕದವರು ಗಾಡಿ ನಿಲ್ಲಿಸಲಿ ಎಂಬುದು ಅದರ ಉದ್ದೇಶ. ಆದರೆ ನಡೆಯುವುದು ಬೇರೆ. ಬೆಳಗ್ಗೆ ಒಬ್ಬರ ಹಿಂದೆ ಒಬ್ಬರಿಗೆ ಕಲಿಸಬೇಕಾದ ತರಬೇತುದಾರರಿಗೆ ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗಿ, ಹಿಂದಿನವರು ಹಾರ್ನ್ ಬಾರಿಸುತ್ತಾ ನಿಲ್ಲುವುದು ಬೇಡ. ಅವರ ಕಾಲು ತಾನಾಗಿಯೇ ತಮ್ಮ ಕ್ಲಚ್ಚಿನ ಮೇಲೆ ಹೋಗುತ್ತದೆ. ಗಾಡಿ ಕುಲುಕದೆ ಹೊರಡುತ್ತದೆ, ಗೇರ್ ಸಲೀಸಾಗಿ ಬೀಳುತ್ತದೆ. ಕಲಿಯುವವರಿಗೆ ಇದೆಲ್ಲ ತಾನೇ ಮಾಡಿದ್ದು ಅನ್ನಿಸುತ್ತದೆ. ಮೂರು ವಾರ ಕಳೆದು, ಡಿಎಲ್ ಕೈಗೆ ಬಂದ ಮೇಲೆ ಮನೆಯ ಕಾರು ತೆಗೆದರೆ ಗೇಟಿನ ಮುಂದಿನ ಸಣ್ಣ ಏರನ್ನೇ ಹತ್ತಿಸಲು ಆಗುವುದಿಲ್ಲ. ನನ್ನ ಕೈಯಲ್ಲಿ ಇದೆಲ್ಲ ಆಗುವುದಿಲ್ಲ ಎಂದು ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಮರೆತವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಅವರಿಗೆ ಕಲಿಯಲು ಬಾರದೆ ಹೋಗಿದ್ದಲ್ಲ, ಕಲಿಯುವ ಅವಕಾಶವೇ ಸಿಗದೆ ಹೋಗಿದ್ದು.

ಹಾಗಾಗಿ ಸೇರುವ ದಿನವೇ ಹೇಳಿಬಿಡಿ: ಮೊದಲ ನಾಲ್ಕೈದು ದಿನ ನಿಮ್ಮ ಕಾಲು ಪೆಡಲಿನ ಮೇಲಿರಲಿ, ಆಮೇಲೆ ಬ್ರೇಕಿನ ಹತ್ತಿರ ಮಾತ್ರ ಇರಲಿ, ಕ್ಲಚ್ ನನಗೆ ಬಿಡಿ. ಗಾಡಿ ಆಫ್ ಆದರೆ ಆಗಲಿ. ಒಳ್ಳೆಯ ತರಬೇತುದಾರರು ಈ ಮಾತಿಗೆ ಖುಷಿಪಡುತ್ತಾರೆ. ಮುಖ ಗಂಟಿಕ್ಕುವವರ ಬಳಿ ದುಡ್ಡು ಕಟ್ಟುವ ಮೊದಲು ಇನ್ನೊಮ್ಮೆ ಯೋಚಿಸಿ.

ನಿಯಮಗಳು ಕಲಿಯುವವರ ಪರವಾಗಿವೆ ಎಂಬುದು ಬಹಳ ಮಂದಿಗೆ ತಿಳಿದೇ ಇಲ್ಲ. ಸ್ವಂತ ಬಳಕೆಯ ಲಘು ವಾಹನ ಕಲಿಸುವ ಸ್ಕೂಲು ಕನಿಷ್ಠ 21 ದಿನಗಳ ತರಬೇತಿ ಕೊಡಬೇಕು, ಅದರಲ್ಲಿ ನಿಜವಾಗಿ ಸ್ಟೇರಿಂಗ್ ಹಿಡಿದು ಓಡಿಸಿದ ಹೊತ್ತು 10 ಗಂಟೆಗೆ ಕಡಿಮೆಯಾಗಬಾರದು. ದಿನಕ್ಕೆ ಅರ್ಧ ಗಂಟೆಯಂತೆ 21 ದಿನ ಓಡಿಸಿದರೆ ಹತ್ತೂವರೆ ಗಂಟೆ; ಅಂದರೆ ನಿಯಮ ಕೇಳುವುದು ಅಂಥ ದೊಡ್ಡ ಲೆಕ್ಕವೇನಲ್ಲ. ಆದರೆ ಒಂದೇ ಕಾರಿನಲ್ಲಿ ಮೂವರನ್ನು ಕೂರಿಸಿಕೊಂಡು ಹೋಗಿ, ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಹತ್ತಿಸುವ ಓಡಾಟದಲ್ಲಿ ಆ ಅರ್ಧ ಗಂಟೆ ಹದಿನೈದು ನಿಮಿಷಕ್ಕೆ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂತು ನೋಡುವುದರಿಂದಲೂ ಕಲಿಯುವುದಿದೆ ನಿಜ, ಆದರೆ ಅದು ಓಡಿಸಿದ ಲೆಕ್ಕಕ್ಕೆ ಬರುವುದಿಲ್ಲ. ಸೇರಿಕೊಂಡವರ ವಿವರವನ್ನು ನಮೂನೆ 14ರ ರಿಜಿಸ್ಟರಿನಲ್ಲಿ, ಯಾರು ಎಷ್ಟು ಹೊತ್ತು ಓಡಿಸಿದರು ಎಂಬುದನ್ನು ನಮೂನೆ 15ರಲ್ಲಿ ಸ್ಕೂಲಿನವರು ಬರೆದಿಡಬೇಕು. ತರಬೇತಿ ಮುಗಿದ ಮೇಲೆ ನಮೂನೆ 5ರ ಪ್ರಮಾಣಪತ್ರ ಕೊಡಬೇಕು. ನಿಮ್ಮ ಹೆಸರಿನ ಮುಂದೆ ಬರೆದ ಹೊತ್ತು ನೀವು ಓಡಿಸಿದ ಹೊತ್ತೇ ಎಂದು ನೋಡಿಕೊಳ್ಳಿ. ಈ ಒಂದು ಕೆಲಸವನ್ನು ಕಲಿಯುವವರೆಲ್ಲ ಮಾಡಿದರೆ ನಮ್ಮ ಎಷ್ಟೋ ಸ್ಕೂಲುಗಳ ರೀತಿ ಬದಲಾದೀತು.

ಸ್ಕೂಲಿಗಿಂತ ಮೊದಲು ಎಲ್‌ಎಲ್‌ಆರ್ ಆಗಬೇಕು. ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ, ಆಧಾರ್ ಮೂಲಕ ಗುರುತು ಖಚಿತಪಡಿಸಿದರೆ ಮನೆಯಲ್ಲೇ ಕೂತು ಪರೀಕ್ಷೆ ಬರೆಯಬಹುದು. ಇಲ್ಲೇ ಮೊದಲ ತಪ್ಪು ನಡೆಯುವುದು. ಏಜೆಂಟರ ಕಡೆಯ ಹುಡುಗ ಪಕ್ಕದಲ್ಲಿ ನಿಂತು ಉತ್ತರ ಒತ್ತಿಸುತ್ತಾನೆ, ಐದು ನಿಮಿಷದಲ್ಲಿ ಎಲ್‌ಎಲ್‌ಆರ್ ಬರುತ್ತದೆ. ಅಂದು ಓದದೆ ಬಿಟ್ಟ ಚಿಹ್ನೆಗಳನ್ನು ಆಮೇಲೆ ಯಾರೂ ಓದಿಸುವುದಿಲ್ಲ. ತಲೆಕೆಳಗಾದ ತ್ರಿಕೋನ ಕಂಡರೆ ದಾರಿ ಬಿಡಬೇಕು, ಎಂಟು ಮೂಲೆಯ ಕೆಂಪು ಫಲಕ ಕಂಡರೆ ಪೂರ್ತಿ ನಿಲ್ಲಬೇಕು ಎಂದು ಹತ್ತು ವರ್ಷ ಗಾಡಿ ಓಡಿಸಿದವರಿಗೂ ಗೊತ್ತಿರುವುದಿಲ್ಲ. ಅರ್ಜಿಯ ಜೊತೆಗೆ ನಮೂನೆ 1ರ ಸ್ವಯಂ ಘೋಷಣೆಯಲ್ಲಿ ಒಂದು ಪ್ರಶ್ನೆಯಿದೆ: ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು, ಕನ್ನಡಕ ಹಾಕುವವರಾದರೆ ಹಾಕಿಕೊಂಡು, ಓದಬಲ್ಲಿರಾ? ಹೌದು ಎಂದು ಗುರುತು ಹಾಕುವ ಮುಂಚೆ ಬೀದಿಗಿಳಿದು ನಿಜವಾಗಿಯೂ ಓದಿ ನೋಡಿ. ದೊಡ್ಡ ಹೆಜ್ಜೆ ಹಾಕಿದರೆ ಮೂವತ್ತು ಹೆಜ್ಜೆಯ ದೂರ. ಓದಲಾಗದಿದ್ದರೆ ಮೊದಲು ಕಣ್ಣಿನ ಡಾಕ್ಟರು, ಆಮೇಲೆ ಡ್ರೈವಿಂಗ್ ಸ್ಕೂಲು.

ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಸಿಕ್ಕ ದಿನದಿಂದ 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಕೂರುವಂತಿಲ್ಲ. ಮೂವತ್ತು ದಿನಕ್ಕೇ ಓಡಿ ಪರೀಕ್ಷೆ ಮುಗಿಸಿಬಿಡುವ ಆತುರ ಬೇಡ. ಉಳಿದ ಐದು ತಿಂಗಳಿರುವುದು ಅಭ್ಯಾಸಕ್ಕೆ. ಇನ್ನು ಹದಿನೆಂಟು ತುಂಬದ ಮಗನಿಗೆ ಕೀಲಿ ಕೊಟ್ಟು ಲೇಔಟಿನ ಒಳಗೇ ಓಡಿಸಲಿ ಬಿಡು ಎನ್ನುವ ಅಪ್ಪಂದಿರಿಗೆ: 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೋ ವಾಹನದ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ.

ಸ್ಕೂಲಿನ ಪಾಠದ ಜೊತೆಗೆ ಮನೆಯ ಕಾರಿನಲ್ಲಿ ಅಭ್ಯಾಸ ಮಾಡುವುದು ಒಳ್ಳೆಯದೇ, ಮಾಡಲೇಬೇಕು. ಆದರೆ ಎಲ್‌ಎಲ್‌ಆರ್ ಇದ್ದ ಮಾತ್ರಕ್ಕೆ ಒಬ್ಬರೇ ಓಡಿಸುವ ಹಾಗಿಲ್ಲ. ಆ ಬಗೆಯ ವಾಹನ ಓಡಿಸುವ ಡಿಎಲ್ ಇರುವವರು ಪಕ್ಕದಲ್ಲಿರಬೇಕು, ಅದೂ ಗಾಡಿಯನ್ನು ಹಿಡಿತಕ್ಕೆ ತರಬಲ್ಲ ಅಥವಾ ನಿಲ್ಲಿಸಬಲ್ಲ ಜಾಗದಲ್ಲಿ ಕೂತಿರಬೇಕು. ಮುಂದೆ ಮತ್ತು ಹಿಂದೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ಎಲ್ ಅಕ್ಷರ ಕಾಣಬೇಕು. ಆ ಬಿಳಿ ಚೌಕ 18 ಸೆಂಟಿಮೀಟರ್ ಇರಬೇಕೆಂದು ನಿಯಮದಲ್ಲೇ ಇದೆ. ಪೇಪರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದು ಹಿಂದೆ ಬರುವ ಲಾರಿಯವರಿಗೆ ಕಾಣುವುದಿಲ್ಲ. ಇದರಲ್ಲಿ ಹಣದ ಪ್ರಶ್ನೆಯೂ ಇದೆ. ಎಲ್‌ಎಲ್‌ಆರ್ ಇರುವವರು ಓಡಿಸಿದರೂ ಮನೆಯ ಕಾರಿನ ವಿಮೆ ನಡೆಯುತ್ತದೆ, ಆದರೆ ಮೇಲೆ ಹೇಳಿದ ನಿಯಮವನ್ನು, ಅಂದರೆ ಕೇಂದ್ರ ನಿಯಮಗಳ ಮೂರನೆಯ ನಿಯಮವನ್ನು, ಪಾಲಿಸಿದ್ದರೆ ಮಾತ್ರ. ಪಾಲಿಸಿಯಲ್ಲಿ ಚಾಲಕರ ಬಗ್ಗೆ ಇರುವ ಭಾಗವನ್ನು ಒಮ್ಮೆ ತೆಗೆದು ಓದಿ.

ಮನೆಯ ಕಾರಿನಲ್ಲಿ ಪಕ್ಕದವರಿಗೆ ಪೆಡಲ್ ಇಲ್ಲ, ಅವರ ಕೈಗೆ ಎಟುಕುವುದು ಹ್ಯಾಂಡ್‌ಬ್ರೇಕ್ ಒಂದೇ. ಈಚಿನ ಕೆಲವು ಕಾರುಗಳಲ್ಲಿ ಆ ಸನ್ನೆಯೂ ಹೋಗಿ ಒಂದು ಗುಂಡಿ ಬಂದಿದೆ. ಕಲಿಯುವ ದಿನಗಳಲ್ಲಿ ಸೀಟುಗಳ ನಡುವೆ ಎಳೆಯುವ ಹ್ಯಾಂಡ್‌ಬ್ರೇಕ್ ಇರುವ ಗಾಡಿಯೇ ಸಿಕ್ಕರೆ ಉತ್ತಮ. ಪಕ್ಕದಲ್ಲಿ ಯಾರು ಕೂರಬೇಕೆಂಬುದೂ ಮುಖ್ಯವೇ. ಮನೆಯಲ್ಲಿ ಚೆನ್ನಾಗಿ ಓಡಿಸುವವರೇ ಚೆನ್ನಾಗಿ ಕಲಿಸುತ್ತಾರೆಂದಿಲ್ಲ. ಗಂಡ ಹೆಂಡತಿಗೆ, ಅಣ್ಣ ತಂಗಿಗೆ ಕಲಿಸಲು ಹೋಗಿ ಎರಡನೆಯ ದಿನಕ್ಕೇ ಮಾತು ಬಿಟ್ಟ ಮನೆಗಳಿವೆ. ತಿರುವು ದಾಟಿದ ಮೇಲೆ ಕೂಗುವವರು ಬೇಡ, ತಿರುವು ಬರುವ ಮುಂಚೆ ಮೆಲ್ಲಗೆ ಹೇಳುವವರು ಬೇಕು. ಕೂಗಿಗೆ ಕೈಕಾಲು ಬಿಗಿಯಾಗುತ್ತವೆ, ಬಿಗಿದ ಕಾಲು ಯಾವ ಪೆಡಲನ್ನಾದರೂ ಒತ್ತೀತು. ತರಬೇತುದಾರರ ವಿಷಯದಲ್ಲೂ ಇದೇ ಮಾತು. ಬೈಯುವುದು ಕಲಿಸುವ ಕ್ರಮ ಎಂದು ಒಪ್ಪಿಕೊಳ್ಳಬೇಡಿ. ವಯಸ್ಸಾದ ಮೇಲೆ ಕಲಿಯಲು ಬಂದ ಹೆಂಗಸರ ಮೇಲೆ ಈ ಬೈಗುಳ ಹೆಚ್ಚು ಬೀಳುತ್ತದೆ, ಅವರು ಬಾಯಿ ಮುಚ್ಚಿಕೊಂಡು ಸಹಿಸುವುದೂ ಹೆಚ್ಚು. ತರಬೇತುದಾರರನ್ನು ಬದಲಿಸಿಕೊಡಿ ಎಂದು ಕೇಳುವ ಹಕ್ಕು ಫೀಸ್ ಕಟ್ಟಿದವರಿಗೆ ಇದ್ದೇ ಇದೆ.

ಗಾಡಿ ಸ್ಟಾರ್ಟ್ ಮಾಡುವ ಮುಂಚಿನ ಎರಡು ನಿಮಿಷವನ್ನು ಯಾರೂ ಅಷ್ಟಾಗಿ ಕಲಿಸುವುದಿಲ್ಲ. ಹಿಂದಿನವರು ಎದ್ದು ಹೋದ ಸೀಟಿನಲ್ಲಿ ಹಾಗೇ ಕೂತು ಕೀಲಿ ತಿರುಗಿಸುತ್ತಾರೆ. ಕ್ಲಚ್ಚನ್ನು ತಳಮಟ್ಟ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಚಿರಬೇಕು, ಅಲ್ಲಿಗೆ ಸೀಟು ತನ್ನಿ. ಬೆನ್ನು ಆತುಕೊಂಡು ಕೂತು ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಕುಳ್ಳಗಿರುವವರು ಸೀಟನ್ನು ಮೇಲಕ್ಕೆತ್ತಬೇಕು, ಆ ಸೌಲಭ್ಯವಿಲ್ಲದ ಕಾರಾದರೆ ಗಟ್ಟಿ ದಿಂಬು ಹಾಕಿಕೊಳ್ಳಲು ನಾಚಿಕೆ ಬೇಡ. ಆಮೇಲೆ ಮೂರೂ ಕನ್ನಡಿ. ಒಳಗಿನದರಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು, ಹೊರಗಿನವುಗಳಲ್ಲಿ ನಿಮ್ಮ ಕಾರಿನ ಬದಿ ಒಂದು ಎಳೆಯಷ್ಟು ಕಂಡರೆ ಸಾಕು, ಉಳಿದದ್ದು ರಸ್ತೆಯೇ ಇರಲಿ. ಕೊನೆಗೆ ಸೀಟ್‌ಬೆಲ್ಟ್, ಹಿಂದೆ ಕೂತವರಿಗೂ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅದರಲ್ಲಿ 16,715 ಮಂದಿ ಸೀಟ್‌ಬೆಲ್ಟ್ ಹಾಕಿರಲಿಲ್ಲ, ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಚಾಲಕರಲ್ಲ, ಜೊತೆಗಿದ್ದ ಪ್ರಯಾಣಿಕರು.

ಈಗ ಕ್ಲಚ್ಚು. ಇಂಜಿನ್ನು ಸದಾ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಇವೆರಡನ್ನೂ ಒಮ್ಮೆಲೇ ಜೋಡಿಸಿದರೆ ಒಂದೋ ಗಾಡಿ ಮುಂದಕ್ಕೆ ಜಿಗಿಯುತ್ತದೆ, ಇಲ್ಲವೇ ಆಫ್ ಆಗುತ್ತದೆ. ಒಳಗಿನ ಕ್ಲಚ್ ಪ್ಲೇಟು ಮೊದಲು ಸವರಿಕೊಂಡು, ಆಮೇಲೆ ಕಚ್ಚಿಕೊಂಡು ಅವನ್ನು ನಿಧಾನಕ್ಕೆ ಸೇರಿಸುತ್ತದೆ. ಎಲ್ಲರೂ ಹಾಫ್ ಕ್ಲಚ್ ಎನ್ನುವುದು ಈ ಕಚ್ಚುವ ಹಂತಕ್ಕೇ. ಅದನ್ನು ಕಾಲಿಗೆ ಪರಿಚಯ ಮಾಡಿಸಲು ಸಮತಟ್ಟಾದ ಖಾಲಿ ಮೈದಾನ ಸಾಕು. ಫಸ್ಟ್ ಗೇರ್ ಹಾಕಿ, ಎಕ್ಸಿಲರೇಟರ್ ಮುಟ್ಟದೆ, ಹಿಮ್ಮಡಿಯನ್ನು ನೆಲಕ್ಕೂರಿ ಎಡಗಾಲನ್ನು ಕೂದಲೆಳೆಯಷ್ಟಷ್ಟೇ ಮೇಲೆತ್ತುತ್ತ ಬನ್ನಿ. ಒಂದು ಕಡೆ ಇಂಜಿನ್ನಿನ ಸದ್ದು ಸ್ವಲ್ಪ ಇಳಿಯುತ್ತದೆ, ಸ್ಟೇರಿಂಗಿನಲ್ಲಿ ಸಣ್ಣ ನಡುಕ ಬರುತ್ತದೆ. ಅಲ್ಲಿ ಕಾಲನ್ನು ತಡೆದು ನಿಲ್ಲಿಸಿ. ಗಾಡಿ ತಾನಾಗಿಯೇ ಮೆಲ್ಲಗೆ ಸರಿಯುತ್ತದೆ. ಮತ್ತೆ ಒತ್ತಿ ನಿಲ್ಲಿಸಿ, ಮತ್ತೆ ಎತ್ತಿ. ಒಂದು ಬೆಳಗ್ಗೆಯೆಲ್ಲ ಇದಿಷ್ಟನ್ನೇ ಮಾಡಿದರೂ ನಷ್ಟವಿಲ್ಲ. ಪ್ರತಿ ಕಾರಿನ ಕ್ಲಚ್ ಬೇರೆ ಬೇರೆ ಎತ್ತರದಲ್ಲಿ ಕಚ್ಚುತ್ತದೆ, ಹಾಗಾಗಿ ಸ್ಕೂಲಿನ ಕಾರಿನಲ್ಲಿ ಕಲಿತ ಕಾಲು ಮನೆಯ ಕಾರಿನಲ್ಲಿ ಈ ಪಾಠವನ್ನು ಮತ್ತೆ ಮಾಡಬೇಕು. ಕಾಲಿಗೆ ಇದು ಗೊತ್ತಾದ ಮೇಲೆ ಏರು ಹತ್ತುವುದು ಕಷ್ಟವಲ್ಲ: ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಕ್ಲಚ್ ಕಚ್ಚುವಲ್ಲಿಗೆ ತಂದು, ಸ್ವಲ್ಪ ಎಕ್ಸಿಲರೇಟರ್ ಕೊಟ್ಟು, ಗಾಡಿಯ ಮೂತಿ ಎದ್ದಂತಾದಾಗ ಹ್ಯಾಂಡ್‌ಬ್ರೇಕ್ ಬಿಡುವುದು. ಮಂಗಳೂರು, ಮಡಿಕೇರಿಗಳಲ್ಲಿ ಕಲಿಯುವವರಿಗೆ ಇದು ಮೊದಲ ವಾರದ ಪಾಠ. ಬಯಲುಸೀಮೆಯಲ್ಲಿ ಕಲಿತವರು ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಬಿದ್ದ ದಿನ ಮೊದಲ ಸಲ ಕಲಿಯುತ್ತಾರೆ. ಹಾಗಾಗದಿರಲಿ, ಕೇಳಿ ಕಲಿಯಿರಿ.

ಆಟೊಮ್ಯಾಟಿಕ್ ಕಾರು ತೆಗೆದುಕೊಂಡರೆ ಈ ತಾಪತ್ರಯವೇ ಇಲ್ಲ ಎನ್ನುವವರ ಮಾತೂ ಸರಿಯೇ. ಆದರೆ ಅದರಲ್ಲೂ ಎರಡು ಪೆಡಲಿಗೆ ಬಲಗಾಲು ಒಂದೇ. ಎಡಗಾಲನ್ನು ಬ್ರೇಕಿಗೆ ಬಳಸುವ ಅಭ್ಯಾಸ ಮೊದಲ ದಿನವೇ ಬೇಡ.

ಕೈಕಾಲಿನ ಕೆಲಸ ಮೂರು ವಾರದಲ್ಲಿ ಬರುತ್ತದೆ. ನೋಡುವುದನ್ನು ಕಲಿಯಲು ಹೆಚ್ಚು ಕಾಲ ಬೇಕು, ಅದನ್ನು ಕಲಿಸುವವರು ಕಡಿಮೆ. ಹೊಸಬರ ಕಣ್ಣು ಬಾನೆಟ್ಟಿನ ಮುಂದಿನ ಹತ್ತು ಅಡಿಯಲ್ಲಿ ನೆಟ್ಟಿರುತ್ತದೆ. ದೂರ ನೋಡಿ. ಮುಂದಿನ ಬಸ್ಸಿನ ಮುಂದೆ ಏನಿದೆ, ನಿಂತ ಆಟೊದ ಬಾಗಿಲಿಂದ ಯಾವ ಕಾಲು ಹೊರಬರುತ್ತಿದೆ, ಚೆಂಡು ಉರುಳಿ ಬಂದರೆ ಅದರ ಹಿಂದೆ ಮಗು ಬರುತ್ತದೆಯೇ ಎಂದು ನೋಡಿ. ಆಗಾಗ ಕನ್ನಡಿಗಳತ್ತ ಕಣ್ಣು ಹಾಯಲಿ. ಕನ್ನಡಿಗೆ ಕಾಣದ ಜಾಗವೂ ಇದೆ: ನಿಮ್ಮ ಹಿಂದಿನ ಬಾಗಿಲಿನ ಪಕ್ಕದಲ್ಲೇ ಬರುತ್ತಿರುವ ಸ್ಕೂಟರು ಯಾವ ಕನ್ನಡಿಯಲ್ಲೂ ಬೀಳದೆ ಇರಬಹುದು. ಲೇನ್ ಬದಲಿಸುವಾಗ, ಎಡಕ್ಕೆ ತಿರುಗುವಾಗ ಭುಜದ ಮೇಲಿಂದ ಒಮ್ಮೆ ತಿರುಗಿ ನೋಡಲೇಬೇಕು. ನಮ್ಮಲ್ಲಿ ದ್ವಿಚಕ್ರದವರು ಎಡಗಡೆಯ ಸಂದಿಯಲ್ಲೇ ನುಗ್ಗುವುದರಿಂದ ಎಡಕ್ಕೆ ತಿರುಗುವಾಗ ಇದು ಇನ್ನೂ ಅಗತ್ಯ. ಸ್ಕೂಲಿನ ಕಾರಿನಲ್ಲಿ ಪಕ್ಕದವರು ನಿಮಗಾಗಿ ಎಡಗಡೆ ನೋಡುತ್ತಿರುತ್ತಾರೆ. ಕ್ಲಚ್ಚಿನ ಹಾಗೆ ಇದನ್ನೂ ಅವರಿಂದ ಬಿಡಿಸಿಕೊಳ್ಳಬೇಕು.

ಮುಂದಿನ ಗಾಡಿಗೂ ನಿಮಗೂ ಎಷ್ಟು ಅಂತರ ಬೇಕು ಎಂಬುದಕ್ಕೆ ಲೆಕ್ಕವಿದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ಹೋಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ಆ ಎಂಟು ಮೀಟರು ಹೋಯಿತು, ಒಣಗಿದ ಒಳ್ಳೆಯ ಟಾರು ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು ಐದು ಮೀಟರು. ವೇಗ 60 ಆದರೆ ಮೊದಲ ಸೆಕೆಂಡಿಗೇ ಸುಮಾರು 17 ಮೀಟರು, ಬ್ರೇಕ್ ಹಿಡಿದ ಮೇಲೆ 20 ಮೀಟರು. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಮಳೆ ಬಂದರೆ ಇನ್ನೂ ಹೆಚ್ಚು. ಬೇಸಿಗೆಯ ಕೊನೆಯ ಮೊದಲ ಮಳೆಗಂತೂ ರಸ್ತೆಯ ಮೇಲಿನ ಧೂಳು, ಎಣ್ಣೆ ಎಲ್ಲ ಸೇರಿ ಜಾರುತ್ತದೆ.

ಇಷ್ಟಾದರೂ ನಮ್ಮ ರಸ್ತೆಗಳು ಯಾವ ಪುಸ್ತಕದಲ್ಲೂ ಇಲ್ಲದ ಪಾಠ ಇಟ್ಟುಕೊಂಡಿವೆ. ಸುಗ್ಗಿಯ ಕಾಲಕ್ಕೆ ಮೈಸೂರು, ಚಾಮರಾಜನಗರದ ಕಡೆಯ ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿಯನ್ನು ಒಕ್ಕಣೆಗೆಂದು ಹರಡಿರುತ್ತಾರೆ. ಅದರ ಮೇಲೆ ಜೋರಾಗಿ ಹೋಗಿ ಬ್ರೇಕ್ ಒತ್ತಿದರೆ ಚಕ್ರ ನೆಲ ಹಿಡಿಯುವುದಿಲ್ಲ. ಒಣಗಿದ ಹುರುಳಿ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವ ಅಪಾಯವೂ ಇದೆ. ನಿಧಾನಕ್ಕೆ ದಾಟಿ, ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ತಳ ಬಗ್ಗಿ ನೋಡಿ. ಕಬ್ಬಿನ ಸೀಸನ್ನಿನಲ್ಲಿ ಮಂಡ್ಯ, ಬೆಳಗಾವಿ ಕಡೆ ರಾತ್ರಿ ಹೊತ್ತು ಹಿಂದಿನ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಸಾಲಾಗಿ ಹೋಗುತ್ತಿರುತ್ತವೆ. ಹೆಡ್‌ಲೈಟಿನ ಬೆಳಕು ಮುಟ್ಟುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗಕ್ಕಿಂತ ಹೆಚ್ಚಿಗೆ ಹೋಗಬೇಡಿ. ಬಣ್ಣ ಬಳಿಯದ, ಫಲಕವಿಲ್ಲದ ಹಂಪುಗಳ ಬಗ್ಗೆ ಬೇರೆ ಹೇಳಬೇಕಿಲ್ಲ. ಮುಂದಿನ ಗಾಡಿಯ ಬ್ರೇಕ್ ಲೈಟೇ ಅಲ್ಲಿ ಫಲಕ.

ಘಾಟಿಯಲ್ಲಿ ಇಕ್ಕಟ್ಟಾದ ಕಡೆ ಮೇಲಕ್ಕೆ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬ ನಿಯಮವಿದೆ. ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಏರುತ್ತಿರುವ ಬಸ್ಸು ಒಮ್ಮೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟ ಎಂದು ಕ್ಲಚ್ಚಿನ ಪಾಠ ಕಲಿತವರಿಗೆ ಅರ್ಥವಾಗುತ್ತದೆ. ಇಳಿಯುವಾಗ ಬ್ರೇಕನ್ನೇ ನಂಬಿಕೊಂಡು ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಏರಿದ ಗೇರಿನಲ್ಲೇ ಇಳಿಯಬೇಕು. ಮೈಸೂರಿನಂಥ ಊರಿನ ಸರ್ಕಲ್ಲುಗಳಲ್ಲಿ ಆಗಲೇ ವೃತ್ತದೊಳಗಿರುವ ವಾಹನಕ್ಕೆ ಮೊದಲ ದಾರಿ. ನೇರ ಹೋಗುತ್ತೇನೆ ಎಂದು ಹೇಳಲು ನಾಲ್ಕೂ ಇಂಡಿಕೇಟರ್ ಹಾಕುವುದನ್ನು ನೋಡಿ ಕಲಿಯಬೇಡಿ. ಒಂದು ಬದಿಯಿಂದ ಬರುವವರಿಗೆ ಅದರಲ್ಲಿ ಒಂದೇ ದೀಪ ಕಾಣುತ್ತದೆ, ನೀವು ತಿರುಗುತ್ತೀರಿ ಎಂದೇ ಅವರು ತಿಳಿಯುತ್ತಾರೆ. ಅದು ಗಾಡಿ ಕೆಟ್ಟು ನಿಂತಾಗ ಹಾಕುವ ದೀಪ.

ಸ್ಕೂಟರು, ಬೈಕು ಕಲಿಯುವವರಿಗೂ ಎಲ್‌ಎಲ್‌ಆರ್ ಮತ್ತು ಎಲ್ ಬೋರ್ಡು ಬೇಕು. ಹಿಂದೆ ಕೂರಿಸಿಕೊಳ್ಳುವುದಾದರೆ ಡಿಎಲ್ ಇರುವ, ಕಲಿಸುವವರನ್ನು ಮಾತ್ರ, ಗೆಳೆಯರನ್ನಲ್ಲ.

ಡಿಎಲ್ ಪರೀಕ್ಷೆ ಊರಿಂದೂರಿಗೆ ಬೇರೆ ರೀತಿ ನಡೆಯುತ್ತದೆ. ಬೆಂಗಳೂರಿನ ಜ್ಞಾನಭಾರತಿಯ ಸ್ವಯಂಚಾಲಿತ ಟ್ರ್ಯಾಕಿನಲ್ಲಿ ಸೆನ್ಸರುಗಳು, ಕ್ಯಾಮೆರಾಗಳು ಲೆಕ್ಕ ಇಡುತ್ತವೆ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಗಾಡಿ ಹಿಂದಕ್ಕೆ ಜಾರಿದರೆ, ರಿವರ್ಸಿನಲ್ಲಿ ಅಂಚು ಮುಟ್ಟಿದರೆ ಯಾರ ಶಿಫಾರಸೂ ನಡೆಯದು. ಅಲ್ಲಿ ಪಕ್ಕದಲ್ಲಿ ತರಬೇತುದಾರರ ಕ್ಲಚ್ಚೂ ಇರುವುದಿಲ್ಲ. ಇಂಥ ಟ್ರ್ಯಾಕು ಎಲ್ಲ ಜಿಲ್ಲೆಗಳಿಗೂ ಬರಬೇಕು, ಬಂದಷ್ಟೂ ಸ್ಕೂಲುಗಳು ಕಲಿಸಲೇಬೇಕಾಗುತ್ತದೆ. ಫೇಲಾದವರು ಏಳು ದಿನ ಬಿಟ್ಟು ಮತ್ತೆ ಪರೀಕ್ಷೆಗೆ ಕೂರಬಹುದು. 2021ರ ಜುಲೈನಿಂದ ಜಾರಿಗೆ ಬಂದ ಇನ್ನೊಂದು ವ್ಯವಸ್ಥೆಯಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳು ಲಘು ವಾಹನಕ್ಕೆ 29 ಗಂಟೆ ಕಲಿಸಬೇಕು. ಅದರಲ್ಲಿ 8 ಗಂಟೆ ತರಗತಿಯ ಪಾಠ, 21 ಗಂಟೆ ಓಡಿಸುವುದು. ಅಲ್ಲಿ ಪಾಸಾದವರಿಗೆ ಆರ್‌ಟಿಒದಲ್ಲಿ ಮತ್ತೆ ಓಡಿಸಿ ತೋರಿಸುವುದರಿಂದ ವಿನಾಯಿತಿಯಿದೆ. ಹತ್ತಿರದಲ್ಲಿ ಅಂಥ ಕೇಂದ್ರವಿದ್ದರೆ ವಿಚಾರಿಸುವುದು ಒಳ್ಳೆಯದು. ಹತ್ತು ಗಂಟೆಗೂ ಇಪ್ಪತ್ತೊಂದು ಗಂಟೆಗೂ ಬಹಳ ವ್ಯತ್ಯಾಸವಿದೆ.

ಹಾಗೊಂದು ಕೇಂದ್ರ ಸಿಗದವರು ಡಿಎಲ್ ಬಂದ ಮೇಲೂ ತರಬೇತುದಾರರನ್ನು ನಾಲ್ಕೈದು ದಿನ ಹೆಚ್ಚಿಗೆ ಗೊತ್ತುಮಾಡಿಕೊಳ್ಳಿ, ಈ ಸಲ ನಿಮ್ಮದೇ ಕಾರಿಗೆ. ಒಂದು ದಿನ ಸಂಜೆಯ ಟ್ರಾಫಿಕ್ಕಿನಲ್ಲಿ, ಒಂದು ದಿನ ಕತ್ತಲಾದ ಮೇಲೆ, ಒಂದು ದಿನ ಮಳೆಯಲ್ಲಿ, ಒಂದು ದಿನ ನೀವು ದಿನವೂ ಹೋಗಬೇಕಾದ ಆಫೀಸಿನದೋ ಶಾಲೆಯದೋ ದಾರಿಯಲ್ಲಿ ಓಡಿಸಿ, ಅಲ್ಲಿ ಗಾಡಿ ನಿಲ್ಲಿಸುವ ಜಾಗದವರೆಗೂ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಂಥ ರಸ್ತೆ ಇದೆಲ್ಲ ಕಳೆದು ಕೆಲವು ತಿಂಗಳಾದ ಮೇಲಿರಲಿ. ಬಹಳಷ್ಟು ತರಬೇತುದಾರರು ಗಂಟೆಯ ಲೆಕ್ಕದಲ್ಲಿ ಮನೆಗೇ ಬರುತ್ತಾರೆ, ಕೇಳಿದರೆ ಸಾಕು.